ದೊಡ್ಡವ್ವನ ಕರಡಿಗೆ



ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ ದೊಡ್ಡವ್ವನವರು ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ವಿಮಾನವನ್ನೇರಿದರು. ಅವರು ಹುಟ್ಟಿ ಬೆಳೆದದ್ದು ಧಾರವಾಡದ ಕಡೆಯ ಎರೆಭೂಮಿಯಲ್ಲಿ. ನಮ್ಮ ಕುಟುಂಬ ನೌಕರಿಯ ನಿಮಿತ್ತವಾಗಿ ಘಟ್ಟವಿಳಿದು ಕುಮಟಾ ತಾಲೂಕಿನ ಕಾಗಾಲದಲ್ಲಿ ನೆಲೆಸಿದಾಗ ಅವರೂ ನಮ್ಮೊಡನೆ ಬಂದರು. ಜೋಳದ ಹೊಲ ನೋಡಿದ ಕಣ್ಣು ಅಘನಾಶಿನಿಯ ಅಳಿವೆಗೂ ಗಜನಿಯ ಗದ್ದೆಗೂ ಹೊಂದಿಕೊಂಡಿತು. ಸುತ್ತಲಿನವರ ಮಾತು, ಊಟ, ದೇವರು ಬೇರೆಯಾದರೂ ಯಾರೂ ಅವರ ಕೊರಳಿನಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಕುರಿತು ಒಂದು ಪ್ರಶ್ನೆಯನ್ನೂ ಕೇಳಿದವರಲ್ಲ. ಆ ಪ್ರಶ್ನೆ ಎದುರಾದದ್ದು ವಿಮಾನ ನಿಲ್ದಾಣದಲ್ಲಿ.

ಮೊಮ್ಮಗಳ ಬಾಣಂತನಕ್ಕೆಂದು ಉತ್ತರದ ದೊಡ್ಡ ನಗರವೊಂದಕ್ಕೆ ಹೋಗಬೇಕಾಗಿತ್ತು. ರೈಲಿನಲ್ಲಿ ಎರಡು ರಾತ್ರಿ ಕುಳಿತು ಹೋಗಲು ಅವರ ಮೊಣಕಾಲು ಒಪ್ಪಲಿಲ್ಲ. ನಾವು ಜೊತೆಗೂಡಿ ಹೊರಟೆವು. ಯಾವ ನಿಲ್ದಾಣವೆಂಬುದನ್ನು ಇಲ್ಲಿ ಬರೆಯುವುದಿಲ್ಲ. ದೂರು ಹೇಳುವುದು ನಮ್ಮ ಉದ್ದೇಶವಲ್ಲ. ಅಲ್ಲಿ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ನಾವು ನಮ್ಮ ನಡುಪಟ್ಟಿ, ಕೈಗಡಿಯಾರಗಳನ್ನು ಟ್ರೇಯಲ್ಲಿಟ್ಟು ಆಚೆ ದಾಟಿ ನಿಂತು ನೋಡಿದರೆ ದೊಡ್ಡವ್ವ ಇನ್ನೂ ಈಚೆಯೇ ಇದ್ದರು. ಲೋಹವನ್ನು ಪತ್ತೆಹಚ್ಚುವ ಚೌಕಟ್ಟಿನ ಬಾಗಿಲು ಅವರು ದಾಟಿದೊಡನೆ ಕೂಗಿಕೊಂಡಿತ್ತು. ಪರದೆಯ ಮರೆಯಲ್ಲಿ ನಿಂತಿದ್ದ ಮಹಿಳಾ ಸಿಬ್ಬಂದಿ ಕೊರಳ ಕಡೆಗೆ ಬೆರಳು ಮಾಡಿ, ತೆಗೆದು ಟ್ರೇಯಲ್ಲಿ ಹಾಕಬೇಕೆಂದು ಹಿಂದಿಯಲ್ಲಿ ಹೇಳುತ್ತಿದ್ದರು. ದೊಡ್ಡವ್ವನವರಿಗೆ ಹಿಂದಿ ಬಾರದು; ಆ ಹೆಣ್ಣುಮಗಳಿಗೆ ಕನ್ನಡ ಬಾರದು. "ಇದು ವಡವಿ ಅಲ್ಲ ತಂಗಿ, ಲಿಂಗ. ಮೈ ಬಿಟ್ಟು ತೆಗಿಯೂ ಹಂಗಿಲ್ಲ" ಎಂದು ಅವರು ಮೂರು ಸಲ ಹೇಳಿದರು. ಮೂರು ಸಲವೂ ಅದೇ ಬೆರಳು ಅದೇ ಟ್ರೇಯ ಕಡೆಗೆ ತಿರುಗಿತು. ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ವಿಮಾನ ತಪ್ಪುವ ಭಯ ಎಲ್ಲರಿಗೂ ಇರುತ್ತದೆ.

ಕೊನೆಗೆ ದೊಡ್ಡವ್ವ ಶಿವದಾರವನ್ನು ಕೊರಳಿನಿಂದ ತೆಗೆದರು. ಹಿಂದೆ ಯಾರದೋ ಪಾದರಕ್ಷೆ ಇಟ್ಟಿದ್ದ ಟ್ರೇಯೋ ಏನೋ ಬಲ್ಲವರಾರು; ಅದರಲ್ಲಿ ಕರಡಿಗೆ ಎಕ್ಸ್-ರೇ ಯಂತ್ರದ ರಬ್ಬರಿನ ಪರದೆಯ ಒಳಗೆ ಹೋಯಿತು. ಅದು ಆಚೆ ಬರುವವರೆಗೆ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಆ ಹೊತ್ತಿನಲ್ಲಿ ಅವರ ಮುಖವನ್ನು ನಾವು ನೋಡಿದೆವು. ವಿಮಾನದಲ್ಲಿ ಅವರು ನೀರನ್ನೂ ಮುಟ್ಟಲಿಲ್ಲ. ಊರು ಮುಟ್ಟಿ, ಸ್ನಾನ ಮಾಡಿ, ಪೂಜೆ ಮುಗಿಸಿದ ಮೇಲೆಯೇ ಬಾಯಿಗೆ ಹನಿ ಹಾಕಿದರು.

ದೀಕ್ಷೆಯ ದಿನದಿಂದ ಅಂಗದ ಮೇಲೆ ಬಂದ ಲಿಂಗ ಸಮಾಧಿಯಲ್ಲಿಯೂ ಅಂಗದೊಡನೆಯೇ ಇರುವುದೆಂಬುದು ನಮ್ಮ ಮನೆತನಗಳಲ್ಲಿ ಯಾರಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ಆದರೆ ಅದು ಆ ಪರದೆಯ ಹಿಂದೆ ನಿಂತ ಹೆಣ್ಣುಮಗಳಿಗೆ ತಿಳಿದಿರಬೇಕಾದ ಸಂಗತಿಯೇ? ಆಕೆ ದಿನಕ್ಕೆ ಎಷ್ಟು ನೂರು ಜನರನ್ನು ತಡವಿ ಕಳಿಸುತ್ತಾಳೋ. ತಾಯತ, ಮಾಂಗಲ್ಯ, ಶಿಲುಬೆ, ರುದ್ರಾಕ್ಷಿ, ಕಡಗ, ಎಲ್ಲವೂ ಅವಳ ಯಂತ್ರಕ್ಕೆ ಬರಿಯ ಲೋಹವೇ. ನಮಗೆ ಆಕೆಯ ಮೇಲೆ ಸಿಟ್ಟು ಬಂದದ್ದು ನಿಜ. ಆ ಸಿಟ್ಟು ಎಷ್ಟು ಸರಿ ಎಂಬುದನ್ನು ಯೋಚಿಸುತ್ತ ಹೋದಂತೆ ಈ ತಿಂಗಳ ಅಂಕಣ ಬೆಳೆಯಿತು.

ಊರಿಗೆ ಮರಳಿದ ಮೇಲೆ ನೆರೆಯ ಹಿರಿಯರೊಬ್ಬರ ಜಗುಲಿಯಲ್ಲಿ ಈ ಮಾತನ್ನು ತೆಗೆದೆವು. ಅವರು ನಿವೃತ್ತ ನೌಕರರು, ಮಾತು ನೇರ. "ನಿಮ್ಮನ್ನು ವಿಮಾನ ಹತ್ತಿ ಎಂದು ಯಾರಾದರೂ ಕರೆದರೋ? ಟಿಕೇಟು ಕೊಂಡಿರಿ ಎಂದರೆ ತಪಾಸಣೆಗೆ ಒಪ್ಪಿದಿರಿ ಎಂದೇ ಅರ್ಥ. ಬೇಡವಾದರೆ ಕುಮಟಾದಲ್ಲಿ ರೈಲು ನಿಲ್ಲುತ್ತದೆ" ಎಂದರು. ಮೇಲೆ ಮಾಜಾಳಿಯ ಮಾತನ್ನೂ ಸೇರಿಸಿದರು. ಗೋವೆಯಿಂದ ಬರುವ ಬಸ್ಸಿನಲ್ಲಿ ಅಬಕಾರಿಯವರು ಹತ್ತಿ ಚೀಲಗಳನ್ನು ಒತ್ತಿ ನೋಡುವುದನ್ನು ನಮ್ಮ ಕರಾವಳಿಯವರು ತಲೆಮಾರಿನಿಂದ ಕಂಡಿದ್ದಾರಲ್ಲ, ಅಲ್ಲಿ ಯಾರೂ ಸ್ವಾತಂತ್ರ್ಯದ ಮಾತೆತ್ತಲಿಲ್ಲವಲ್ಲ ಎಂಬುದು ಅವರ ವಾದ. ಬಾಟಲಿ ಇದ್ದವನು ಎತ್ತಲಾರ, ಇಲ್ಲದವನು ಏಕೆ ಎತ್ತಬೇಕು ಎಂದು ನಾವೂ ನಕ್ಕೆವು.

ಹಿರಿಯರ ವಾದವನ್ನು ನಕ್ಕು ತಳ್ಳಿಹಾಕುವಂತಿಲ್ಲ. ತಪಾಸಣೆ ಯಾರದೋ ಅಧಿಕಾರದ ಚಪಲದಿಂದ ಹುಟ್ಟಿದ್ದಲ್ಲ. ಪ್ರತಿಯೊಂದು ನಿಯಮದ ಹಿಂದೆಯೂ ಒಂದು ದುರಂತ ಮಲಗಿದೆ. 1978ರ ಡಿಸೆಂಬರ್ 20ರಂದು ಲಖನೌದಿಂದ ದೆಹಲಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಇಬ್ಬರು ಯುವಕರು ಅಪಹರಿಸಿ ವಾರಾಣಸಿಗೆ ಒಯ್ದರು. ಅವರ ಕೈಯಲ್ಲಿದ್ದುದು ಆಟಿಕೆಯ ಪಿಸ್ತೂಲು ಮತ್ತು ಬಾಂಬೆಂದು ಹೆದರಿಸಿದ ಕ್ರಿಕೆಟ್ ಚೆಂಡು. ಮಗುವಿನ ಆಟಿಕೆ ಪಿಸ್ತೂಲನ್ನು ಕೈಚೀಲದಲ್ಲಿ ಏಕೆ ಬಿಡುವುದಿಲ್ಲವೆಂದು ಕೇಳುವ ತಾಯಂದಿರು ಇದನ್ನು ನೆನೆಯಬಹುದು. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ಐರ್ಲೆಂಡಿನ ಬಳಿ ಸಮುದ್ರದ ಮೇಲೆ ಸಿಡಿದು 329 ಜನ ಮಡಿದರು. ಬಾಂಬಿದ್ದ ಪೆಟ್ಟಿಗೆ ವಿಮಾನವನ್ನೇರಿತ್ತು, ಅದರ ಯಜಮಾನ ಏರಿರಲಿಲ್ಲ. ಪ್ರಯಾಣಿಕನಿಲ್ಲದೆ ಅವನ ಪೆಟ್ಟಿಗೆ ಹೋಗಕೂಡದೆಂಬ ಕಟ್ಟುನಿಟ್ಟು ಬಂದದ್ದು ಆ ಸಾವುಗಳ ತರುವಾಯ. ಆಗ ಒಂದು ವಿಭಾಗ ಮಾತ್ರವಾಗಿದ್ದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 1987ರ ಏಪ್ರಿಲ್ 1ರಿಂದ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟ ವಿಮಾನ ಕಂದಾಹಾರದಲ್ಲಿ ನಿಂತು, ವರ್ಷದ ಕೊನೆಯ ದಿನದವರೆಗೆ ಇಡೀ ದೇಶದ ಉಸಿರನ್ನು ಹಿಡಿದಿಟ್ಟದ್ದು ಹಲವರಿಗೆ ನೆನಪಿದೆ. ಅದಾದ ಕೆಲವೇ ವಾರಗಳಲ್ಲಿ, 2000ದ ಫೆಬ್ರುವರಿಯಲ್ಲಿ, ಜೈಪುರದಿಂದ ಆರಂಭಿಸಿ ನಿಲ್ದಾಣಗಳ ಕಾವಲನ್ನು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ವಹಿಸಲಾಯಿತು.

ಇವೆಲ್ಲ ದೂರದ ಸುದ್ದಿ ಎನ್ನುವವರು ಮಂಗಳೂರನ್ನು ನೋಡಬೇಕು. ನಮ್ಮ ಕರಾವಳಿಯ ಮಕ್ಕಳು ಕೊಲ್ಲಿ ದೇಶಗಳಿಗೆ ಹಾರುವ ಬಾಗಿಲುಗಳಲ್ಲಿ ಅದೊಂದು. 2020ರ ಜನವರಿ 20ರಂದು ಅಲ್ಲಿ ಟಿಕೇಟು ಕೌಂಟರಿನ ಬಳಿ ವಾರಸುದಾರರಿಲ್ಲದ ಚೀಲವೊಂದು ಕಂಡಿತು. ಅದರಲ್ಲಿ ಸ್ಫೋಟಕವಿತ್ತು. ಅದನ್ನು ಕೆಂಜಾರಿನ ಬಯಲಿಗೆ ಒಯ್ದು ಸಿಡಿಸಿದರು. ಎರಡು ದಿನಗಳ ಅನಂತರ ಆರೋಪಿ ತಾನಾಗಿ ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದನು. ಈ ಪ್ರಸಂಗದಲ್ಲಿ ನಾವು ಗಮನಿಸಿದ ಅಂಶವೊಂದಿದೆ. ಚೀಲ ಇದ್ದದ್ದು ತಪಾಸಣೆಯ ಬಾಗಿಲಿನ ಹೊರಗೆ. ಅದನ್ನು ಹಿಡಿದದ್ದು ಕೂಗುವ ಚೌಕಟ್ಟಲ್ಲ, ಟ್ರೇಗಳ ಸಾಲಲ್ಲ. ಕರ್ತವ್ಯದಲ್ಲಿದ್ದವರ ಎಚ್ಚರದ ಕಣ್ಣು. ಯಂತ್ರ ಬೇಕು, ನಿಜ. ಆದರೆ ಯಂತ್ರ ಕೂಗಿದ್ದಕ್ಕೆಲ್ಲ ಒಂದೇ ಉತ್ತರ ಕೊಡುವ ಕಣ್ಣು ಕ್ರಮೇಣ ನೋಡುವುದನ್ನೇ ಬಿಡುತ್ತದೆ. ಎಪ್ಪತ್ತೆಂಟರ ಮುದುಕಿಯ ಕೊರಳ ಕರಡಿಗೆಗೂ ನಿರ್ಜನ ಚೀಲಕ್ಕೂ ಇರುವ ಅಂತರವನ್ನು ತೂಗಿ ನೋಡುವ ವ್ಯವಧಾನ ಕಾವಲಿನವರಿಗೆ ಇರಬೇಕು.

ಹಾಗೆಂದು ಮುದುಕಿಯರನ್ನು ಬಿಟ್ಟುಬಿಡಿ ಎಂದು ನಾವು ಹೇಳುವವರಲ್ಲ. ದೇಹದ ಗುಪ್ತಾಂಗಗಳಲ್ಲಿ ಚಿನ್ನದ ಲೇಪವನ್ನು ಅಡಗಿಸಿ ತಂದವರನ್ನು ಸುಂಕದ ಅಧಿಕಾರಿಗಳು ಹಿಡಿದ ಸುದ್ದಿಯನ್ನು ಮಂಗಳೂರಿನ ಪತ್ರಿಕೆಗಳು ಎಷ್ಟೋ ಸಲ ಅಚ್ಚುಮಾಡಿವೆ. ಹೊಟ್ಟೆಯಲ್ಲಿ ಚಿನ್ನ ತರುವವನಿದ್ದರೆ ಕರಡಿಗೆಯಲ್ಲಿ ಕೇಡು ತರುವವನೂ ಇದ್ದಾನು. ನಮ್ಮ ಲಾಂಛನವನ್ನು ಧರಿಸಿದವರೆಲ್ಲ ಶರಣರೇ ಎಂದು ಪ್ರಮಾಣ ಮಾಡುವ ಧೈರ್ಯ ನಮಗಂತೂ ಇಲ್ಲ. ಪರೀಕ್ಷೆಯಾಗಲಿ. ಹೇಗೆ ಆಗಬೇಕೆಂಬುದಷ್ಟೇ ಪ್ರಶ್ನೆ.

ಟಿಕೇಟು ಕೊಂಡದ್ದೇ ಒಪ್ಪಿಗೆ ಎಂಬ ಮಾತು ಮಾತ್ರ ನಮಗೆ ಒಪ್ಪಿತವಲ್ಲ. ದುಬೈಗೋ ಮಸ್ಕತ್ತಿಗೋ ದುಡಿಯಲು ಹೋಗುವ ಹೊನ್ನಾವರದ ಹುಡುಗನಿಗೆ ರೈಲು ಇದೆಯೇ? ಅವನ ಅಜ್ಜ ಹಾಯಿ ಬಿಚ್ಚಿ ಹೋಗುತ್ತಿದ್ದ ಕಾಲ ಮುಗಿಯಿತು. ಬೇರೆ ದಾರಿಯಿಲ್ಲದವನ ಮೌನವನ್ನು ಸಮ್ಮತಿ ಎಂದು ಕರೆದರೆ ಆ ಶಬ್ದಕ್ಕೆ ಬೆಲೆ ಉಳಿಯುವುದಿಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯವೂ ಪ್ರಯಾಣವನ್ನು ಸರಕಾರ ದಯಪಾಲಿಸುವ ಸೌಲಭ್ಯವೆಂದು ಬಗೆದಿಲ್ಲ. 1978ರ ಜನವರಿ 25ರಂದು ಮೇನಕಾ ಗಾಂಧಿಯವರ ಪಾಸ್‌ಪೋರ್ಟಿನ ಮೊಕದ್ದಮೆಯಲ್ಲಿ, ವಿದೇಶಕ್ಕೆ ಹೋಗುವ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವ ವಿಧಾನ ನ್ಯಾಯವೂ ಯುಕ್ತವೂ ಆಗಿರಬೇಕೆಂದು ಅದು ಹೇಳಿತು. ಯಾವುದೋ ಒಂದು ವಿಧಾನ ಇದ್ದರೆ ಸಾಲದು ಎಂದಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. 2024ರಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ತೀರ್ಪು ಕೊಟ್ಟ ಅಳತೆಗೋಲು ಸಾಮಾನ್ಯ ಗೃಹಸ್ಥನಿಗೂ ಅರ್ಥವಾಗುವಂಥದು: ಹಕ್ಕಿಗೆ ಕೈಹಾಕುವ ಮುನ್ನ ಕಾನೂನಿನ ಆಧಾರ ಇರಬೇಕು, ಉದ್ದೇಶ ನ್ಯಾಯಬದ್ಧವಾಗಿರಬೇಕು, ಕೈಹಾಕಿದ್ದು ಆ ಉದ್ದೇಶಕ್ಕೆ ತಕ್ಕಷ್ಟೇ ಆಗಿರಬೇಕು.

ಮೊದಲೆರಡು ಪರೀಕ್ಷೆಗಳಲ್ಲಿ ವಿಮಾನ ನಿಲ್ದಾಣದ ತಪಾಸಣೆ ಸುಲಭವಾಗಿ ತೇರ್ಗಡೆಯಾಗುತ್ತದೆ. ಕಾನೂನಿದೆ, 1934ರ ಹಳೆಯ ಕಾಯಿದೆಯ ಸ್ಥಾನಕ್ಕೆ 2025ರ ಜನವರಿಯಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಉದ್ದೇಶದ ಬಗ್ಗೆ ಕನಿಷ್ಕದ ನೆನಪಿರುವ ಯಾರೂ ತಕರಾರು ತೆಗೆಯಲಾರರು. ಕಷ್ಟವಿರುವುದು ಮೂರನೆಯದರಲ್ಲಿ. ತಕ್ಕಷ್ಟು ಎಂಬುದು ಎಷ್ಟು?

ಅದನ್ನು ಮೊದಲೇ ಅಳೆದು ಇಟ್ಟವರಿಲ್ಲ. ಜನ ಪ್ರಶ್ನಿಸಿದಂತೆ, ನಾಚಿಕೊಂಡಂತೆ, ಪ್ರತಿಭಟಿಸಿದಂತೆ ಅದು ಕೂಡುತ್ತ ಕಳೆಯುತ್ತ ಬಂದಿದೆ. 2001ರ ಡಿಸೆಂಬರ್ 22ರಂದು ಪ್ಯಾರಿಸ್‌ನಿಂದ ಮಯಾಮಿಗೆ ಹೋಗುತ್ತಿದ್ದ ವಿಮಾನದಲ್ಲಿ ಒಬ್ಬನು ಬೂಟಿನಲ್ಲಿ ಅಡಗಿಸಿದ್ದ ಸ್ಫೋಟಕಕ್ಕೆ ಕಡ್ಡಿ ಗೀರಲು ಹೋಗಿ ಸಿಕ್ಕಿಬಿದ್ದನು. ಆ ಒಬ್ಬನಿಂದಾಗಿ ಅಮೆರಿಕದ ನಿಲ್ದಾಣಗಳಲ್ಲಿ ಕೋಟ್ಯಂತರ ಜನ ವರುಷಗಟ್ಟಲೆ ಬೂಟು ಕಳಚಿ ನಡೆದರು. ಆ ನಿಯಮವನ್ನು ಕೈಬಿಟ್ಟದ್ದು 2025ರ ಜುಲೈಯಲ್ಲಿ. ಅಲ್ಲಿರುವ ನಮ್ಮ ಮಕ್ಕಳನ್ನು ನೋಡಲು ಹೋದ ಹಿರಿಯರು ಬಾಗಲಾರದ ಬೆನ್ನನ್ನು ಬಾಗಿಸಿ ಬೂಟಿನ ದಾರ ಬಿಚ್ಚಿದ ಕಥೆಗಳನ್ನು ಮದುವೆಮನೆಗಳಲ್ಲಿ ಕೇಳಿದ್ದೇವೆ. 2009ರ ಕ್ರಿಸ್‌ಮಸ್ ದಿನ ಡೆಟ್ರಾಯಿಟ್ ಕಡೆಗೆ ಹೋಗುತ್ತಿದ್ದ ವಿಮಾನದಲ್ಲಿ ಇನ್ನೊಬ್ಬನು ಒಳಉಡುಪಿನಲ್ಲಿ ಸ್ಫೋಟಕ ತಂದನು. ಇಡೀ ದೇಹದ ಆಕಾರವನ್ನು ಬಟ್ಟೆಯ ಒಳಗಿನಿಂದ ತೋರಿಸುವ ಯಂತ್ರಗಳು ಆ ಬಳಿಕ ಸಾಲುಸಾಲಾಗಿ ಬಂದವು. ಇದು ಬಟ್ಟೆ ಬಿಚ್ಚಿಸಿ ನೋಡಿದಂತೆಯೇ ಎಂದು ಅಲ್ಲಿನವರು ನ್ಯಾಯಾಲಯಕ್ಕೆ ಹೋದರು. ನ್ಯಾಯಾಲಯ ಯಂತ್ರಗಳನ್ನು ನಿಲ್ಲಿಸಲಿಲ್ಲ. ಆದರೂ ಜನರ ಕೂಗು ವ್ಯರ್ಥವಾಗಲಿಲ್ಲ. ಪ್ರತಿಯೊಬ್ಬರ ನಿಜವಾದ ಆಕೃತಿಯ ಬದಲು ಎಲ್ಲರಿಗೂ ಒಂದೇ ಗೊಂಬೆಯ ರೇಖಾಚಿತ್ರವನ್ನು ತೋರಿಸಿ, ಅದರ ಮೇಲೆ ಸಂಶಯದ ಜಾಗವನ್ನು ಮಾತ್ರ ಗುರುತಿಸುವ ವ್ಯವಸ್ಥೆ ಬಂತು. ಹಾಗೆ ಮಾರ್ಪಡಲಾರದ ಯಂತ್ರಗಳನ್ನು 2013ರಲ್ಲಿ ತೆಗೆದುಹಾಕಿದರು. ಮಾನವನ್ನು ಕೇಳಿದ್ದರಿಂದ ಭದ್ರತೆ ಒಂದು ಎಳೆಯಷ್ಟೂ ಸಡಿಲಾಗಲಿಲ್ಲ.

ನಮ್ಮ ದೇಶದಲ್ಲಿಯೂ ಇಂಥ ಹೊಂದಾಣಿಕೆಗಳು ಇಲ್ಲವೆಂದಲ್ಲ. ಸಿಖ್ ಬಂಧುಗಳು ದೇಶದೊಳಗಿನ ವಿಮಾನಗಳಲ್ಲಿ ಅಲಗು ಆರು ಅಂಗುಲ, ಒಟ್ಟು ಉದ್ದ ಒಂಬತ್ತು ಅಂಗುಲ ಮೀರದ ಕಿರ್ಪಾಣವನ್ನು ಧರಿಸಬಹುದು. ಅದು ಅಲಗೇ ಆದರೂ ಅಳತೆ ನಿಗದಿ ಮಾಡಿ ದಾರಿ ಮಾಡಿಕೊಟ್ಟರು. ಶಬರಿಮಲೆಯ ಯಾತ್ರಿಕರ ಇರುಮುಡಿಯಲ್ಲಿ ತುಪ್ಪ ತುಂಬಿದ ತೆಂಗಿನಕಾಯಿ ಇರುತ್ತದೆ. ಬೇಗ ಬೆಂಕಿ ಹೊತ್ತುವ ಪದಾರ್ಥವೆಂದು ತೆಂಗಿನಕಾಯಿಗೆ ಕೈಚೀಲದಲ್ಲಿ ನಿಷೇಧವಿದ್ದರೂ, 2022ರ ಕೊನೆಯಲ್ಲಿ ಯಾತ್ರೆಯ ಕಾಲಕ್ಕೆ ಸೀಮಿತವಾಗಿ, ತಪಾಸಣೆಗೊಳಪಡಿಸಿ ಒಯ್ಯಲು ಅನುಮತಿ ಸಿಕ್ಕಿತು. (ತೆಂಗಿನಕಾಯಿ ಅಪಾಯದ ವಸ್ತುವೆಂದು ನಮ್ಮ ಕಾಗಾಲದ ಯಾವ ಗೃಹಿಣಿಗೂ ಇನ್ನೂ ನಂಬಿಕೆ ಬಂದಿಲ್ಲ, ಮಗನ ಚೀಲದಲ್ಲಿ ಎರಡಾದರೂ ತುರುಕದೆ ಬಿಡುವವರಲ್ಲ.) ಅಲಗಿಗೂ ಕಾಯಿಗೂ ದಾರಿ ಸಿಕ್ಕ ಮೇಲೆ ಕಲ್ಲಿನ ಇಷ್ಟಲಿಂಗಕ್ಕೆ ಸಿಗಲಾರದೇ? ಲಿಂಗವೇ ಲೋಹವಲ್ಲ, ಕಂತಿಯ ಕವಚವುಳ್ಳ ಕಲ್ಲು. ಕೂಗಿಸುವುದು ಬೆಳ್ಳಿಯ ಕರಡಿಗೆ ಮಾತ್ರ.

ನೃತ್ಯ ಕಲಾವಿದೆ ಸುಧಾ ಚಂದ್ರನ್ ಅವರ ಸಂಗತಿಯನ್ನು ಓದುಗರು ಮರೆತಿರಲಿಕ್ಕಿಲ್ಲ. ಅಪಘಾತದಲ್ಲಿ ಕಾಲು ಕಳೆದುಕೊಂಡು ಕೃತಕ ಕಾಲಿನಿಂದಲೇ ಭರತನಾಟ್ಯಕ್ಕೆ ಮರಳಿದವರು ಅವರು. ಪ್ರತಿ ಸಲವೂ ನಿಲ್ದಾಣದಲ್ಲಿ ಆ ಕಾಲನ್ನು ಕಳಚಿಸುತ್ತಾರೆಂದು 2021ರ ಅಕ್ಟೋಬರಿನಲ್ಲಿ ಪ್ರಧಾನಿಯವರನ್ನು ಉದ್ದೇಶಿಸಿ ನೊಂದು ಮಾತನಾಡಿದರು. ಭದ್ರತಾ ಪಡೆ ಬಹಿರಂಗವಾಗಿ ಕ್ಷಮೆ ಕೋರಿತು. ಪಡೆಯ ಆ ನಡೆಯನ್ನು ನಾವು ಮೆಚ್ಚುತ್ತೇವೆ. ಆದರೆ ಹೆಸರಿಲ್ಲದ ಊರಿನ, ಹೆಸರಿಲ್ಲದ ಕೃತಕ ಕಾಲಿನವನು ಹಾಗೆ ಮಾತನಾಡಿದ್ದರೆ ಕೇಳುವವರಾರು ಎಂಬ ಸಂಶಯ ಉಳಿದೇ ಇದೆ.

ಹೆಸರಿದ್ದವರಿಗೂ ಎಲ್ಲೆಡೆ ರಕ್ಷಣೆಯಿಲ್ಲವೆಂಬುದಕ್ಕೆ ನಮ್ಮ ಕರಾವಳಿಯದೇ ಉದಾಹರಣೆಯಿದೆ. ಕುಮಟೆಯ ಹಿರಿಯರು 'ರೈಲಿದೆಯಲ್ಲ' ಎಂದರಲ್ಲ, ಆ ಕೊಂಕಣ ರೈಲಿಗೆ ಚಾಲನೆ ಕೊಟ್ಟವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು. ಅವರು ರೈಲು ಮಂತ್ರಿಯಾಗಿದ್ದ 1990ರಲ್ಲಿ ಅದರ ನಿಗಮ ಸ್ಥಾಪನೆಯಾಯಿತು. 1998ರ ಜನವರಿ 26ರಂದು ಇಡೀ ಮಾರ್ಗ ತೆರೆಯಿತು. ಅದೇ ಫರ್ನಾಂಡಿಸರು ದೇಶದ ರಕ್ಷಣಾ ಮಂತ್ರಿಯಾಗಿದ್ದಾಗ ವಾಷಿಂಗ್ಟನ್ನಿನ ಡಲ್ಲಸ್ ನಿಲ್ದಾಣದಲ್ಲಿ ಎರಡು ಬಾರಿ ಅವರ ಬಟ್ಟೆ ಕಳಚಿಸಿ ತಪಾಸಣೆ ಮಾಡಿದರೆಂದು ಅಮೆರಿಕದ ಮಾಜಿ ಅಧಿಕಾರಿ ಸ್ಟ್ರೋಬ್ ಟಾಲ್ಬಟ್ 2004ರಲ್ಲಿ ಬರೆದರು. ಅಮೆರಿಕ ಸರಕಾರ ವಿಷಾದ ಹೇಳಿತು. ಒಂದು ದೇಶದ ಸೈನ್ಯದ ಹೊಣೆ ಹೊತ್ತವರು ಇನ್ನೊಂದು ದೇಶದ ಬಾಗಿಲಲ್ಲಿ ಬರಿಮೈಯಾಗಬೇಕಾಯಿತೆಂದರೆ ಅದು ಒಬ್ಬ ವ್ಯಕ್ತಿಯ ಅಪಮಾನವಷ್ಟೇ ಅಲ್ಲ. ಡಾ. ಅಬ್ದುಲ್ ಕಲಾಮರನ್ನು 2009ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿಯೇ ಅಮೆರಿಕದ ವಿಮಾನ ಸಂಸ್ಥೆಯೊಂದರ ಸಿಬ್ಬಂದಿ ತಡವಿ ನೋಡಿದರು. ಮಾಜಿ ರಾಷ್ಟ್ರಪತಿಗಳಿಗೆ ನಮ್ಮ ನಿಯಮದಲ್ಲಿ ವಿನಾಯಿತಿ ಇತ್ತು. ಕಲಾಮರು ಸುಮ್ಮನೆ ನಿಂತು ಸಹಕರಿಸಿದರು. ವಿಷಯ ಸಂಸತ್ತಿನಲ್ಲಿ ಎದ್ದಮೇಲೆ ಆ ಸಂಸ್ಥೆ ಕ್ಷಮೆ ಕೇಳಿತು.

ಈ ವಿನಾಯಿತಿಗಳ ಪಟ್ಟಿಯ ಬಗ್ಗೆ ನಮಗೊಂದು ಮಾತು ಹೇಳಲಿಕ್ಕಿದೆ, ಕೆಲವರಿಗೆ ರುಚಿಸಲಿಕ್ಕಿಲ್ಲ. ರಾಷ್ಟ್ರಪತಿ, ಪ್ರಧಾನಿಗಳಂಥವರನ್ನು ಬಿಡುವುದು ಸಹಜ. ಆದರೆ ಪಟ್ಟಿ ಅಷ್ಟಕ್ಕೇ ನಿಲ್ಲುವುದಿಲ್ಲ. ನಿಯಮ ಮಾಡುವವರು ಆ ನಿಯಮದ ಸಾಲಿನಲ್ಲಿ ನಿಲ್ಲದಿದ್ದರೆ ಅದರ ಮುಳ್ಳು ಅವರಿಗೆ ತಾಗುವುದು ಹೇಗೆ? ಮಂತ್ರಿಯೊಬ್ಬರ ತಾಯಿಯ ಕರಡಿಗೆ ಒಮ್ಮೆ ಟ್ರೇಯಲ್ಲಿ ಹೋದರೆ ಮರುದಿನವೇ ಸುತ್ತೋಲೆ ಬಂದೀತು.

ಇನ್ನು ಭಟ್ಕಳದ ಮಾತು. ನಮ್ಮಿಂದ ಒಂದು ಗಳಿಗೆಯ ಹಾದಿಯಲ್ಲದಿದ್ದರೂ ಅದೇ ಕರಾವಳಿ, ಅದೇ ಹೆದ್ದಾರಿ. ಆ ಊರಿನ ಹೆಸರನ್ನು ತಮ್ಮ ಹೆಸರಿಗೆ ಅಂಟಿಸಿಕೊಂಡ ಕೆಲವರು ಭಯೋತ್ಪಾದನೆಯ ಪ್ರಕರಣಗಳಲ್ಲಿ ಸುದ್ದಿಯಾದ ಮೇಲೆ, ಊರಿನ ಹೆಸರೇ ಒಂದು ಆರೋಪವಾಗಿ ಹೋಗಿದೆಯೆಂದು ಅಲ್ಲಿನ ಜನ ಬಹುಕಾಲದಿಂದ ನೊಂದು ಹೇಳುತ್ತ ಬಂದಿದ್ದಾರೆ. ನಮಗೆ ಪರಿಚಿತರಾದ ಅಲ್ಲಿನ ವ್ಯಾಪಾರಿ ಸಾಹೇಬರೊಬ್ಬರು ಕೊಲ್ಲಿಯಲ್ಲಿ ಅಂಗಡಿಯಿಟ್ಟವರು. ಪಾಸ್‌ಪೋರ್ಟಿನಲ್ಲಿ ಹುಟ್ಟೂರನ್ನು ಓದಿದ ಕೂಡಲೇ ಎದುರಿನವರ ಕೈ ನಿಧಾನವಾಗುತ್ತದೆ ಎಂದರು. ಪಕ್ಕಕ್ಕೆ ನಿಲ್ಲಿಸುತ್ತಾರೆ, ಒಬ್ಬರು ಇನ್ನೊಬ್ಬರನ್ನು ಕರೆಯುತ್ತಾರೆ, ಜೊತೆಯಲ್ಲಿ ಬಂದ ಮಕ್ಕಳು ದೂರದಿಂದ ನೋಡುತ್ತಿರುತ್ತಾರೆ. "ನನ್ನ ಚೀಲ ನೂರು ಸಲ ಬಿಚ್ಚಲಿ ಸ್ವಾಮಿ, ನನಗೇನೂ ಬೇಜಾರಿಲ್ಲ. ಊರಿನ ಹೆಸರು ಓದಿ ಬಿಚ್ಚುವುದು ಬೇಡ" ಎಂದು ಅವರು ಹೇಳಿದಾಗ ನಾವು ಉತ್ತರಕ್ಕೆ ತಡಕಾಡಿದೆವು. ನಮ್ಮ ದೊಡ್ಡವ್ವನಿಗೆ ಆದದ್ದು ಒಂದು ದಿನದ ನೋವು. ಅವರದು ಪ್ರತಿ ಪ್ರಯಾಣದ್ದು. ದೊಡ್ಡವ್ವನ ಕರಡಿಗೆಯನ್ನು ತೆಗೆಸಿದ್ದು ಯಂತ್ರ ಕೂಗಿದ್ದರಿಂದ. ಅವರ ಚೀಲಕ್ಕೆ ಯಂತ್ರ ಕೂಗಿರಲೇ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಹುಟ್ಟಿನ ಮೇಲೆ ಮನುಷ್ಯನನ್ನು ಅಳೆಯಬಾರದೆಂದು ಕಲ್ಯಾಣದಲ್ಲಿ ಬೆಲೆ ತೆತ್ತವರ ವಂಶದ ನಾವು, ನಮ್ಮ ಕರಡಿಗೆಗೆ ಮರ್ಯಾದೆ ಕೇಳುವಾಗ ಆ ಸಾಹೇಬರ ಪಾಸ್‌ಪೋರ್ಟಿಗೂ ಅದೇ ಮರ್ಯಾದೆಯನ್ನು ಕೇಳದೆ ಹೋದರೆ ನಮ್ಮ ಬೇಡಿಕೆ ಬರಿಯ ಜಾತಿಯ ಹಟವಾದೀತು.

ಟ್ರೇ, ಚೌಕಟ್ಟುಗಳಿಗಿಂತಲೂ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಹೊಸದಾಗಿ ಬಂದಿರುವ ಮುಖದ ಗುರುತು. 'ಡಿಜಿಯಾತ್ರಾ' ಎಂಬ ಈ ವ್ಯವಸ್ಥೆ 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಆರಂಭವಾಯಿತು. ಕ್ಯಾಮರಾ ಮುಖವನ್ನು ನೋಡುತ್ತದೆ, ಬಾಗಿಲು ತೆರೆಯುತ್ತದೆ. ಕಾಗದ ತೋರಿಸುವ ಕಷ್ಟವಿಲ್ಲ. ಯಾರನ್ನೂ ಬಲವಂತಪಡಿಸುವುದಿಲ್ಲ, ವಿವರಗಳು ಪ್ರಯಾಣಿಕನ ಫೋನಿನಲ್ಲಿಯೇ ಉಳಿಯುತ್ತವೆ, ನಿಲ್ದಾಣದಲ್ಲಿನ ಪ್ರತಿಯನ್ನು ವಿಮಾನ ಹೊರಟ 24 ಗಂಟೆಗಳಲ್ಲಿ ಅಳಿಸಿಹಾಕುತ್ತಾರೆ ಎಂಬುದು ಅದನ್ನು ನಡೆಸುವವರ ಭರವಸೆ. ಆದರೂ ಕೆಲವೆಡೆ ಕೇಳದೆಯೇ ತಮ್ಮ ಮುಖವನ್ನು ಸೆರೆಹಿಡಿದು ಹೆಸರು ನೋಂದಾಯಿಸಿದರೆಂದು ಪ್ರಯಾಣಿಕರು ದೂರಿದ್ದುಂಟು. ನಮ್ಮ ಸೊಸೆ ಇದನ್ನು ಬಳಸುತ್ತಾಳೆ, ಸಾಲು ಬೇಗ ಕರಗುತ್ತದೆ ಎನ್ನುತ್ತಾಳೆ. ಇರಬಹುದು. ಕರಡಿಗೆ ಒಂದು ನಿಮಿಷ ದೂರವಾದರೂ ಮರಳಿ ಕೊರಳಿಗೆ ಬಂತು. ಕಳೆದ ಕೀಲಿಕೈಗೆ ಬದಲು ಕೀಲಿಕೈ ಮಾಡಿಸಬಹುದು. ಮುಖದ ಅಳತೆ ತಪ್ಪು ಕೈಗೆ ಸೇರಿದರೆ ಬೇರೆ ಮುಖ ಮಾಡಿಸಲಾಗದು. ಆದುದರಿಂದ ನಮ್ಮ ಮನೆಯವರಿಗೆ ನಾವು ಹೇಳಿರುವುದಿಷ್ಟೇ: ಕಾಗದ ತೋರಿಸುವ ಸಾಲು ಇರುವವರೆಗೆ ಅದರಲ್ಲಿಯೇ ನಿಲ್ಲಿ, ಹತ್ತು ನಿಮಿಷ ಹೋದರೆ ಹೋಗಲಿ. ಸೊಸೆ ಕೇಳಿದ್ದಾಳೆಯೇ ಎಂಬುದು ಬೇರೆ ಮಾತು.

ಹಿಂತಿರುಗುವ ಪ್ರಯಾಣದ ಸಂಗತಿಯನ್ನು ಇನ್ನೂ ಹೇಳಲಿಲ್ಲ. ಎರಡು ತಿಂಗಳ ಬಳಿಕ, ಇನ್ನೊಂದು ನಿಲ್ದಾಣ. ಮತ್ತೆ ಚೌಕಟ್ಟು ಕೂಗಿತು. ಈ ಸಲ ಪರದೆಯೊಳಗೆ ನಿಂತಿದ್ದವರು ತುಸು ಹಿರಿಯ ಹೆಣ್ಣುಮಗಳು. ಅವರಿಗೂ ಕನ್ನಡ ಬಾರದು. ದೊಡ್ಡವ್ವ ಕರಡಿಗೆಯನ್ನು ಎರಡೂ ಕೈಗಳಲ್ಲಿ ಮುಚ್ಚಿಹಿಡಿದು ನಿಂತುಬಿಟ್ಟರಂತೆ. ಆ ಅಧಿಕಾರಿ ಬೆರಳು ತೋರಿಸಲಿಲ್ಲ. ಇದೇನೆಂದು ಹುಬ್ಬಿನಿಂದ ಕೇಳಿದರು. ದೊಡ್ಡವ್ವ ಕಣ್ಣುಮುಚ್ಚಿ ಕೈಮುಗಿದು ತೋರಿಸಿದರು. ಆಕೆ ಪರದೆಯನ್ನು ಪೂರ್ತಿ ಎಳೆದು, ತೆರೆಯುವಂತೆ ಸನ್ನೆ ಮಾಡಿದರು. ದೊಡ್ಡವ್ವ ತಾವೇ ಕರಡಿಗೆಯನ್ನು ತೆರೆದು, ನಿತ್ಯ ಪೂಜೆಯಲ್ಲಿ ಮಾಡುವಂತೆ, ಲಿಂಗವನ್ನು ಎಡ ಅಂಗೈಯಲ್ಲಿ ಇರಿಸಿಕೊಂಡು ತೋರಿಸಿದರು. ಅಧಿಕಾರಿ ಬಾಗಿ ನೋಡಿದರು, ಮುಟ್ಟಲಿಲ್ಲ. ಕೈಯಲ್ಲಿದ್ದ ಶೋಧಕವನ್ನು ಅಂಗೈಯ ಮೇಲಿನಿಂದ ಒಂದು ಸಲ ಹಾಯಿಸಿದರು, ಅದು ಕೂಗಲಿಲ್ಲ. ಬರಿಯ ಕರಡಿಗೆ ಟ್ರೇಯಲ್ಲಿ ಯಂತ್ರದೊಳಗೆ ಹೋಗಿ ಬಂತು. ನಾವು ಆಚೆ ಕಡೆ ಗಡಿಯಾರ ಕಟ್ಟಿಕೊಳ್ಳುತ್ತಿರುವಾಗಲೇ ಅವರು ಹೊರಗೆ ಬಂದಿದ್ದರು. ವಿಮಾನದಲ್ಲಿ ಕೊಟ್ಟ ಚಹಾ ಕುಡಿದರು, ಸಕ್ಕರೆ ಕಡಿಮೆ ಎಂದು ತಕರಾರನ್ನೂ ಮಾಡಿದರು.

ಎರಡೂ ಕಡೆ ಅದೇ ನಿಯಮ, ಅದೇ ಯಂತ್ರ. ಪರೀಕ್ಷೆ ಎರಡನೆಯ ಕಡೆಯೇ ಹೆಚ್ಚು ಚೆನ್ನಾಗಿ ನಡೆಯಿತು, ಏಕೆಂದರೆ ಅಲ್ಲಿ ಮುಚ್ಚಳ ತೆರೆದು ನೋಡಿದರು. ಆ ಹಿರಿಯ ಅಧಿಕಾರಿ ತನ್ನ ಬುದ್ಧಿಯಿಂದ ಕಂಡುಕೊಂಡ ಉಪಾಯವನ್ನು ಒಂದು ಲಿಖಿತ ಸೂಚನೆಯಾಗಿ ಎಲ್ಲ ನಿಲ್ದಾಣಗಳಿಗೂ ತಲುಪಿಸುವುದು ಭದ್ರತಾ ಬ್ಯೂರೋಗೆ ಕಷ್ಟವೇನಲ್ಲ. ಅಂಥ ಸೂಚನೆ ಈಗಾಗಲೇ ಇದ್ದರೂ ಮೊದಲನೆಯ ನಿಲ್ದಾಣದ ಆ ಪರದೆಯವರೆಗೆ ಅದು ಬಂದಿರಲಿಲ್ಲ. ನಮ್ಮ ಸಮಾಜದ ಸಂಘ ಸಂಸ್ಥೆಗಳು, ಮಠಗಳು ಇದಕ್ಕಾಗಿ ಒಂದು ಮನವಿಯನ್ನು ಬರೆದುಕೊಡಲಿ; ಅದರಲ್ಲಿ ವಿನಾಯಿತಿಯನ್ನು ಕೇಳುವುದು ಬೇಡ, ಪರದೆಯ ಮರೆಯಲ್ಲಿ ಧರಿಸಿದವರ ಕೈಯಿಂದಲೇ ತೆರೆಸಿ ನೋಡುವ ಕ್ರಮವನ್ನು ಕೇಳಲಿ. ಮನೆಮನೆಯಲ್ಲಿ ಹಿರಿಯರನ್ನು ಕಳಿಸುವವರು, ಲಿಂಗವೆಂದರೇನೆಂದು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಎರಡು ಸಾಲು ಬರೆದ ಚೀಟಿಯನ್ನು ಅವರ ಕೈಯಲ್ಲಿ ಕೊಟ್ಟು ಕಳಿಸಿದರೆ ಅದೂ ಉಪಕಾರವಾದೀತು. ಅಂಥ ಒಂದು ಚೀಟಿಯನ್ನು ನಾವು ಮೊದಲೇ ಬರೆದುಕೊಡಬೇಕಾಗಿತ್ತು. ನಾವೋ ನಮ್ಮ ನಡುಪಟ್ಟಿಯನ್ನು ಬಿಚ್ಚುವುದರಲ್ಲಿ ಮಗ್ನರಾಗಿದ್ದೆವು.

ಬರುವ ತಿಂಗಳು ಮರಿಮಗುವಿನ ಮೊದಲ ಹುಟ್ಟುಹಬ್ಬ. ದೊಡ್ಡವ್ವ ಮತ್ತೆ ಹೊರಟಿದ್ದಾರೆ. ನಾವು ಚೀಟಿ ಬರೆದು ಒಯ್ದು ಕೊಟ್ಟಾಗ ಅವರು ನಡುಮನೆಯಲ್ಲಿ ಕುಳಿತು ಬಿಳಿಯ ಬಟ್ಟೆಯ ತುಂಡೊಂದಕ್ಕೆ ಅಂಚು ಹೊಲಿಯುತ್ತಿದ್ದರು. ಕರಡಿಗೆಯ ಬದಲು ವಸ್ತ್ರದಲ್ಲಿ ಕಟ್ಟಿಕೊಂಡು ಹೋದರೆ ಯಾವ ಬಾಗಿಲೂ ಕೂಗುವುದಿಲ್ಲವಲ್ಲ ಎಂಬುದು ಅವರೇ ಕಂಡುಕೊಂಡ ಹಾದಿ. "ಬೆಳ್ಳೀದು ಮನ್ಯಾಗ ಇರ್ಲಿ ಬಿಡಪಾ. ಆ ಹುಡಿಗೀದೂ ಕಾಯಕ ಐತಿ, ನಂದೂ ನೇಮ ಐತಿ" ಎಂದರು. ಅದು ಅವರ ಲಗ್ನದಲ್ಲಿ ತವರಿನವರು ಕೊಟ್ಟ ಕರಡಿಗೆ. ಅರವತ್ತು ವರುಷ ಕೊರಳಿನಲ್ಲಿದ್ದು ಸವೆದು ಅಂಚು ನುಣುಪಾಗಿದೆ. ಈಗ ಜಗುಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕದಲ್ಲಿ ಕುಳಿತಿದೆ. ಅದನ್ನು ಅಲ್ಲಿ ನೋಡಿದಾಗಲೆಲ್ಲ ನಮಗೆ ಸಮಾಧಾನವಾಗುತ್ತಿಲ್ಲ. ಚೀಟಿಯನ್ನು ಮಾತ್ರ ಅವರ ಕೈಚೀಲದಲ್ಲಿ ಇಟ್ಟು ಬಂದಿದ್ದೇವೆ.